ನೋಯದ ಹಲ್ಲಿನ ಮೇಲೆ ದೂರು

ಸನ್ಮಾನ್ಯ ತಿರುಳಿನವರಿಗೆ,
ಒಳಕೋಣೆ, ಕೋರೆಹಲ್ಲಿನಿಂದ ಹಿಂದಕ್ಕೆ ಎಣಿಸಿದರೆ ಮೂರನೆಯ ಮನೆ,
ಕೆಳದವಡೆ, ಬಲಗಡೆ.

ವಿಷಯ: ಕಳೆದ ಹನ್ನೆರಡು ವಾರಗಳಿಂದ ತಾವು ನನಗೆ ಎಳ್ಳಷ್ಟೂ ನೋವು ಕೊಡದೆ ಸತಾಯಿಸುತ್ತಿರುವುದರ ಬಗ್ಗೆ.

ಮಾನ್ಯರೇ,

ಮೊದಲಿಗೆ ತಮ್ಮ ದಿವ್ಯ ಸನ್ನಿಧಿಗೆ ಈ ಬಡ ಬಾಯಿಯ ಒಡತಿಯ ಅನಂತ ನಮಸ್ಕಾರಗಳು. ಇತ್ತ ನಾನು, ನನ್ನ ನಾಲಗೆ, ತಮ್ಮ ನೆರೆಹೊರೆಯ ಇಪ್ಪತ್ತಾರು ಹಲ್ಲುಗಳು, ಮತ್ತು ಹೆಸರಿಗೆಂದು ಒಂದು ಹಲ್ಲೂ ಇಲ್ಲದ ನನ್ನ ಅಣ್ಣ, ಎಲ್ಲರೂ ಕ್ಷೇಮ. ತಮ್ಮ ಕ್ಷೇಮದ ಸುದ್ದಿಯೊಂದೇ ಬಾರದೆ, ಕಾದೂ ಕಾದೂ ಸಾಕಾಗಿ, ಹಲ್ಲಿನ ಡಾಕ್ಟರಮ್ಮನ ಹೊರಕೋಣೆಯ ಬೆಂಚಿನ ಮೇಲೆ ಕುಳಿತು, ತೊಡೆಯ ಮೇಲೊಂದು ರಟ್ಟನ್ನು ಇಟ್ಟುಕೊಂಡು ಈ ಪತ್ರವನ್ನು ಬರೆಯುತ್ತಿದ್ದೇನೆ. ನನ್ನ ಸರದಿಗೆ ಇನ್ನೂ ಮುಕ್ಕಾಲು ಗಂಟೆ ಇದೆಯಂತೆ. ಒಳಗೆ ಹೋದವರು ಬಾಯಿ ತೆರೆಯುವುದಕ್ಕೇ ಒಪ್ಪುತ್ತಿಲ್ಲವೆಂದು ಸಹಾಯಕಿ ಬಂದು ಹೇಳಿ ಹೋದಳು.

ತಮ್ಮಂಥ ದೊಡ್ಡವರಿಗೆ ಹೀಗೆ ನಾಲ್ಕು ಜನ ಓದುವಂತೆ ಪತ್ರ ಬರೆಯುವುದು ಮರ್ಯಾದೆಯಲ್ಲವೆಂದು ನನಗೆ ಗೊತ್ತು. ಖಾಸಗಿಯಾಗಿ ಬರೆಯೋಣವೆಂದರೆ ತಮ್ಮ ಮನೆಗೆ ಕಿಟಕಿಯಿಲ್ಲ, ಬಾಗಿಲಿಲ್ಲ, ಕಾಗದ ತೂರಿಸುವುದಕ್ಕೊಂದು ಸಂದಿಯಿಲ್ಲ. ಇದ್ದ ಸೂಜಿಮೊನೆಯಷ್ಟು ಕಿಂಡಿಯನ್ನೂ ಡಾಕ್ಟರಮ್ಮ ಬಿಳಿಯ ಮದ್ದಿನ ಗಾರೆ ಮೆತ್ತಿ ಮುಚ್ಚಿಬಿಟ್ಟಿದ್ದಾರೆ. ಬಾಯಿಮಾತಿನಲ್ಲಿ ಹೇಳೋಣವೆಂದರೆ, ತಾವು ನನ್ನ ಬಾಯಿಯಲ್ಲೇ ವಾಸವಾಗಿದ್ದೂ ನಲವತ್ತೇಳು ವರ್ಷಗಳಿಂದ ನನ್ನ ಒಂದು ಮಾತನ್ನೂ ಕಿವಿಗೆ ಹಾಕಿಕೊಂಡವರಲ್ಲ. ಹಾಗಾಗಿ ಊರವರಾದರೂ ಓದಿ ನ್ಯಾಯ ಹೇಳಲಿ ಎಂದು ಬಹಿರಂಗಕ್ಕೆ ಬಂದಿದ್ದೇನೆ.

ಊರವರ ತಿಳಿವಳಿಕೆಗಾಗಿ ತಮಗೆ ಗೊತ್ತಿರುವುದನ್ನೇ ಇನ್ನೊಮ್ಮೆ ಅರಿಕೆ ಮಾಡುತ್ತೇನೆ. ನಾನು ಪುಸ್ತಕ ಹೊಲಿಯುವವಳು. ನಮ್ಮಪ್ಪ ಬಿಟ್ಟುಹೋದ ಬೈಂಡಿಂಗ್ ಅಂಗಡಿಯಲ್ಲಿ ಎರಡು ಮೇಜು, ಒಂದು ಒತ್ತುಯಂತ್ರ, ಒಂದು ಗೋಂದಿನ ಗಡಿಗೆ, ನಾನು ಮತ್ತು ಅಣ್ಣ. ಹಾಳೆಗಳ ಮಡಿಕೆಗಳನ್ನು ಒಂದರ ಮೇಲೊಂದು ಪೇರಿಸಿ, ಬೆನ್ನಿನುದ್ದಕ್ಕೂ ಮೇಣ ತೀಡಿದ ದಾರದಿಂದ ಹೊಲಿಯುವಾಗ ಎಡಗೈ ಮಡಿಕೆಯನ್ನು ಅದುಮಿ ಹಿಡಿದಿರಬೇಕು, ಬಲಗೈ ಸೂಜಿಯನ್ನು ಎಳೆಯಬೇಕು, ಅದೇ ಹೊತ್ತಿಗೆ ದಾರದ ಇನ್ನೊಂದು ತುದಿ ಸಡಿಲವಾಗದಂತೆ ಯಾರಾದರೂ ಬಿಗಿಯಾಗಿ ಹಿಡಿದುಕೊಂಡಿರಬೇಕು. ದೇವರು ಬೈಂಡರುಗಳಿಗೆ ಮೂರನೆಯ ಕೈ ಕೊಡುವುದನ್ನು ಮರೆತದ್ದರಿಂದ ನಮ್ಮ ಮನೆತನದಲ್ಲಿ ಆ ಕೆಲಸವನ್ನು ದವಡೆಹಲ್ಲಿಗೆ ವಹಿಸಲಾಗಿದೆ. ಹಲ್ಲು ಇರುವುದೇ ದಾರ ಹಿಡಿಯುವುದಕ್ಕೆ, ತಿನ್ನುವುದೇನಿದ್ದರೂ ಬಿಡುವಿದ್ದಾಗ, ಎಂಬುದು ಅಪ್ಪನ ಸಿದ್ಧಾಂತವಾಗಿತ್ತು. ಅವರು ಎಪ್ಪತ್ತೆಂಟು ವರ್ಷ ಬದುಕಿ ಹದಿನಾಲ್ಕು ಹಲ್ಲುಗಳೊಂದಿಗೆ ತೀರಿಕೊಂಡರು.

ಅಣ್ಣನದು ಬೇರೆಯೇ ಪುರಾಣ. ನಲವತ್ತೊಂದನೆಯ ವಯಸ್ಸಿನಲ್ಲಿ ಅವನಿಗೆ ಒಂದು ಹಲ್ಲು ನೋಯಿತು. ಒಂದೇ ಒಂದು. ಅದನ್ನು ಕೀಳಿಸಲು ಹೋದವನು ಕುರ್ಚಿಯಲ್ಲಿ ಕುಳಿತಲ್ಲಿಂದಲೇ, ಉಳಿದವು ನಾಳೆ ನೋಯುವುದಿಲ್ಲವೆಂದು ಏನು ಗ್ಯಾರಂಟಿ ಎಂದು ಅಲ್ಲಿನ ಡಾಕ್ಟರರನ್ನು ದಬಾಯಿಸಿ, ಆರು ವಾರಗಳೊಳಗೆ ಒಳ್ಳೆಯವನ್ನೂ ಸೇರಿಸಿ ಅಷ್ಟನ್ನೂ ಕೀಳಿಸಿಕೊಂಡು ಬಂದ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರ ಗಾದೆ ಕೇಳಿದ್ದೆ, ಕಣ್ಣಾರೆ ಕಂಡದ್ದು ಆಗಲೇ. ಅಂದಿನಿಂದ ಹತ್ತೊಂಬತ್ತು ವರ್ಷ ಅವನು ಕಂಡವರಿಗೆಲ್ಲ ತನ್ನ ಸೆಟ್ಟನ್ನು ತೆಗೆದು ತೋರಿಸಿ, 'ನನ್ನ ಹಲ್ಲು ಲೋಟದಲ್ಲಿ ಮಲಗುತ್ತೆ, ನನ್ನ ಪಾಡಿಗೆ ನಾನು ಮಲಗ್ತೀನಿ' ಎಂದು ಉಪದೇಶ ಮಾಡುತ್ತಿದ್ದಾನೆ. ಕಟ್ಟಿಸಿಕೊಂಡ ಹಲ್ಲು ದಾರವನ್ನು ಹಿಡಿಯುವುದಿಲ್ಲ, ಜಾರಿಸುತ್ತದೆ. ಆದ್ದರಿಂದ ರಟ್ಟು ಕತ್ತರಿಸುವುದು, ಗೋಂದು ಹಚ್ಚುವುದು ಅವನ ಪಾಲಿಗೆ ಉಳಿದು, ಹೊಲಿಗೆಯೆಲ್ಲ ನನ್ನ ಪಾಲಿಗೆ ಬಂತು.

ಈಗ ಎಡಗಡೆಯವರ ವಿಷಯಕ್ಕೆ ಬರುತ್ತೇನೆ. ತಮಗೆ ಸರಿಯಾಗಿ ಎದುರುಮನೆಯಲ್ಲಿದ್ದು ಮೂರೂವರೆ ವರ್ಷಗಳ ಹಿಂದೆ ತೀರಿಕೊಂಡ ಆ ಮಹನೀಯರನ್ನು ತಾವು ಮರೆತಿರಲಾರಿರಿ. ಅವರು ತಮ್ಮ ಹಾಗೆ ಮೌನವ್ರತದವರಲ್ಲ. ಒಂದು ಸಣ್ಣ ತೂತು ಬಿದ್ದರೂ ಕಿವಿ, ಕೆನ್ನೆ, ಕತ್ತು, ಕಡೆಗೆ ನೆತ್ತಿಯವರೆಗೂ ಡಂಗುರ ಸಾರಿಯೇ ಸಮಾಧಾನಪಡುವವರು. ನಾನೋ, ಇವತ್ತು ಕೆಲಸವಿದೆ, ನಾಳೆ ಕೆಲಸವಿದೆ ಎಂದು ತಳ್ಳುತ್ತ ಹೋಗಿ, ಕೊನೆಗೆ ಡಾಕ್ಟರಮ್ಮನ ಕುರ್ಚಿಗೆ ಬಂದು ಬೀಳುವಷ್ಟರಲ್ಲಿ ಒಳಗಿನ ತಿರುಳು ಸತ್ತೇಹೋಗಿತ್ತು. ಅವರು ಬೇರಿನ ಕೊಳವೆಗಳನ್ನೆಲ್ಲ ಕೆರೆದು, ತೊಳೆದು, ರಬ್ಬರಿನಂಥದೊಂದನ್ನು ತುಂಬಿ, ರೂಟ್ ಕೆನಾಲ್ ಎಂಬ ಆ ಕ್ರಿಯೆಯನ್ನು ಮೂರು ಸಲ ಕರೆಸಿ ಮುಗಿಸಿ, ಮೇಲೆ ತಾತ್ಕಾಲಿಕ ಸಿಮೆಂಟು ಮೆತ್ತಿ ಸ್ಪಷ್ಟವಾಗಿ ಹೇಳಿದ್ದರು: 'ಅರ್ಧ ಕೆಲಸ ಅಷ್ಟೇ ಆಗಿರೋದು. ಹದಿನೈದು ದಿನದಲ್ಲಿ ಬಂದು ಕ್ಯಾಪ್ ಹಾಕಿಸ್ಕೊಳ್ಳಿ. ಇಲ್ಲಾಂದ್ರೆ ಸೀಳಿಹೋಗುತ್ತೆ.'

ಹೋಗಲಿಲ್ಲ, ಮಾನ್ಯರೇ. ನೋವೇ ಹೋಗಿತ್ತಲ್ಲ! ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅಣ್ಣ ಬೇರೆ, ನೋವಿಲ್ಲದ ಹಲ್ಲಿಗೆ ಕ್ಯಾಪ್ ಯಾಕೆ, ಟೋಪಿ ಹಾಕ್ತಾರೆ ನಿಂಗೆ, ಎಂದು ದಿನಕ್ಕೆರಡು ಸಲ ಹಾಡುತ್ತಿದ್ದ. ಅವನ ಮಾತು ಕೇಳಿದೆನೆಂದು ತಪ್ಪನ್ನು ಅವನ ತಲೆಗೆ ಕಟ್ಟಬಹುದಾಗಿತ್ತು; ಆದರೆ ನಮ್ಮ ಅಂಗಡಿಯ ಗೋಡೆಯ ಮೇಲೆ, ನನ್ನದೇ ದುಂಡಗಿನ ಅಕ್ಷರದಲ್ಲಿ, ಇಪ್ಪತ್ತು ವರ್ಷಗಳಿಂದ ತೂಗುತ್ತಿರುವ ಫಲಕವೊಂದಿದೆ: ಹೊಲಿದ ಪುಸ್ತಕವನ್ನು ರಟ್ಟು ಹಾಕಿಸದೆ ಕೊಂಡೊಯ್ಯಬಾರದು, ಬೆನ್ನು ಸೀಳಿದರೆ ನಾವು ಜವಾಬ್ದಾರರಲ್ಲ. ಹೊಲಿಗೆ ಆಯಿತಲ್ಲ, ಹಾಳೆ ಉದುರುತ್ತಿಲ್ಲವಲ್ಲ, ಹೀಗೇ ಕೊಡಿ ಎಂದು ಅವಸರ ಮಾಡುವ ಗಿರಾಕಿಗಳನ್ನು ಕೂಡಿಸಿಕೊಂಡು, ರಟ್ಟಿಲ್ಲದ ಪುಸ್ತಕ ಎಷ್ಟು ದಿನ ಬಾಳುತ್ತದೆ ಎಂದು ಅವರು ಆಕಳಿಸುವವರೆಗೆ ಪಾಠ ಹೇಳುವವಳು ನಾನು. ಅಂಥ ನಾನು ಎಂಟು ತಿಂಗಳು ರಟ್ಟಿಲ್ಲದ ಹಲ್ಲನ್ನು ಬಾಯಲ್ಲಿಟ್ಟುಕೊಂಡು ಅದೇ ಪಾಠ ಹೇಳಿದೆ. ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರಲ್ಲ, ಅದು ನನ್ನನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಒಂಬತ್ತನೆಯ ತಿಂಗಳಲ್ಲಿ ಜಮೀನು ದಾಖಲೆ ಕಚೇರಿಯ ದಪ್ಪ ರಿಜಿಸ್ಟರೊಂದು ಬಂತು. ಏಳು ಎಳೆಯ ದಾರ, ಕೊನೆಯ ಗಂಟು. ಎಡಗಡೆಯವರಿಗೆ ದಾರವನ್ನು ಕೊಟ್ಟು ಜಗ್ಗಿದೆ. ಟಕ್ ಎಂದ ಶಬ್ದ ಎಷ್ಟು ಜೋರಾಗಿತ್ತೆಂದರೆ, ಆಚೆ ಮೇಜಿನಲ್ಲಿದ್ದ ಅಣ್ಣ ಒತ್ತುಯಂತ್ರದ ತಿರುಪು ಮುರಿಯಿತೆಂದು ಓಡಿಬಂದ. ವಿಚಿತ್ರವೆಂದರೆ ನನಗೆ ನೋವೇ ಆಗಲಿಲ್ಲ. ಸತ್ತವರು ನೋವನ್ನು ಹೇಳುವುದಾದರೂ ಹೇಗೆ? ಡಾಕ್ಟರಮ್ಮ ನೋಡಿ, ಮೇಲಿಂದ ಬೇರಿನ ತುದಿಯವರೆಗೆ ಸೌದೆಯಂತೆ ಸೀಳಿದೆ, ಇನ್ನು ಕೀಳುವುದೊಂದೇ ದಾರಿ ಎಂದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಮಾನ್ಯರಾದ ತಮಗೆ ಬಡ್ತಿ ಸಿಕ್ಕಿತು. ಎಡಗಡೆಯ ಸಾಲಿನಲ್ಲಿ ಖಾಲಿ ಜಾಗ ಬಿದ್ದದ್ದರಿಂದ ಅಗಿಯುವುದೆಲ್ಲ ತಮ್ಮ ಹೆಗಲಿಗೆ, ದಾರ ಹಿಡಿಯುವುದೂ ತಮ್ಮ ಹೆಗಲಿಗೆ. ತಾವು ಒಂದು ದಿನವೂ ರಜೆ ಕೇಳಲಿಲ್ಲ, ಗೊಣಗಲಿಲ್ಲ. ಎರಡೂವರೆ ವರ್ಷ ದುಡಿದು, ಈಚೆಗೆ ತಣ್ಣೀರು ತಾಕಿದಾಗ ಮಾತ್ರ ಚುರುಕ್ ಎಂದು ಒಂದು ಚೀಟಿ ಕಳಿಸಿದಿರಿ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ, ನನಗೆ ಕೆಟ್ಟ ಮೇಲೂ ಅರ್ಧವೇ ಬಂದಿದ್ದರಿಂದ ಆ ಚೀಟಿಯನ್ನು ಮೂರು ವಾರ ಮಡಿಸಿಟ್ಟುಕೊಂಡು, ನಾಲ್ಕನೆಯ ವಾರ ಈ ಕುರ್ಚಿಗೆ ಬಂದೆ. ಡಾಕ್ಟರಮ್ಮ ಹುಳುಕನ್ನು ಬಿಡಿಸುತ್ತ ಬಿಡಿಸುತ್ತ ಆಳಕ್ಕೆ ಹೋಗಿ, ಥಟ್ಟನೆ ಕೈ ನಿಲ್ಲಿಸಿ, ಕೈಗನ್ನಡಿಯನ್ನು ನನ್ನ ಮುಂದೆ ಹಿಡಿದರು. ಸಾಸಿವೆಯ ಕಾಲು ಭಾಗದಷ್ಟು ಒಂದು ಕೆಂಪು ಚುಕ್ಕೆ. ಅದೇ ತಮ್ಮ ಪ್ರಥಮ ದರ್ಶನ. ನಲವತ್ತೇಳು ವರ್ಷ ಒಂದೇ ಬಾಯಲ್ಲಿ ಸಂಸಾರ ಮಾಡಿ ಅವತ್ತು ಮೊದಲ ಸಲ ಮುಖ ನೋಡಿದ್ದು, ನನಗೆ ಸುಮ್ಮನೆ ಕಣ್ಣು ತುಂಬಿತು.

ಡಾಕ್ಟರಮ್ಮನ ಮುಂದೆ ಎರಡು ದಾರಿ ಇತ್ತು. ತಮ್ಮನ್ನೂ ಕೆರೆದು ತೆಗೆದು ರೂಟ್ ಕೆನಾಲ್ ಮಾಡಿ ಮುಗಿಸುವುದು ಒಂದು. ರಕ್ತ ಒತ್ತಿದರೆ ನಿಲ್ಲುವುದಾದರೆ, ಮದ್ದು ಮುಚ್ಚಿ, ತಮಗೆ ಬದುಕುವ ಅವಕಾಶ ಕೊಡುವುದು ಇನ್ನೊಂದು. ಔಷಧದ ಹತ್ತಿಯನ್ನು ಒತ್ತಿ ಹಿಡಿದು ಗಡಿಯಾರ ನೋಡುತ್ತ ಕುಳಿತರು. ಐದನೆಯ ನಿಮಿಷಕ್ಕೆ ರಕ್ತ ನಿಂತಿತು. 'ಜೀವ ಇದೆ ಇದಕ್ಕೆ. ಜೀವ ಇರೋ ಹಲ್ಲು ಏನಾದ್ರೂ ಆದ್ರೆ ಹೇಳುತ್ತೆ, ಸತ್ತದ್ದು ಹೇಳಲ್ಲ. ಉಳಿಸಿ ನೋಡೋಣ,' ಎಂದವರು ಮದ್ದಿನ ಗಾರೆ ಮೆತ್ತಿ, ಮೇಲೆ ತಾತ್ಕಾಲಿಕ ಸಿಮೆಂಟು ಹಾಕಿ, ಮೂರು ತಿಂಗಳ ವಾಯಿದೆ ಕೊಟ್ಟರು. ಮೂರು ತಿಂಗಳ ಮೇಲೆ ತಣ್ಣನೆಯ ಹತ್ತಿ ಮುಟ್ಟಿಸಿ ನೋಡುತ್ತಾರಂತೆ. ಚುರುಕ್ ಎಂದು ಬಂದು ತಕ್ಷಣ ಹೋದರೆ ತಾವು ಸುಖವಾಗಿದ್ದೀರಿ. ಬಂದ ನೋವು ಹೋಗದೆ ಎಳೆದಾಡಿದರೆ ತಮಗೆ ಕಷ್ಟವಿದೆ. ಏನೂ ಬಾರದೆ ಹೋದರೆ ಎಂಬಲ್ಲಿಗೆ ಅವರು ಮಾತು ನಿಲ್ಲಿಸಿ ಕೈಗವಸು ಬಿಚ್ಚತೊಡಗಿದರು. ಅಲ್ಲಿಯವರೆಗೆ ದಾರವನ್ನು ಬಾಯಿಗೆ ಮುಟ್ಟಿಸಕೂಡದೆಂದೂ, ಹಲ್ಲಿನಿಂದ ದಾರ ಎಳೆಯುವವರನ್ನು ತಾನು ಇದೇ ಮೊದಲು ಕಂಡದ್ದೆಂದೂ ಹೇಳಿ ಕಳಿಸಿದರು.

ಮಾನ್ಯರೇ, ನನ್ನ ದೂರು ಶುರುವಾಗುವುದು ಇಲ್ಲಿಂದ. ಅಂದು ಮನೆಗೆ ಬಂದವರು ತಾವು ಬಾಯಿ ಬಿಟ್ಟಿಲ್ಲ. ಒಂದು ಚುರುಕಿಲ್ಲ, ಒಂದು ಮಿಡಿತವಿಲ್ಲ, ಹಬ್ಬಕ್ಕೊಂದು ಹುಣ್ಣಿಮೆಗೊಂದು ಸಣ್ಣ ನೋವೂ ಇಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಹೇಳಿದ ಪುಣ್ಯಾತ್ಮರಿಗೆ ಹಲ್ಲು ಹುಳುಕಿರಲಿಲ್ಲವೆಂದು ಕಾಣುತ್ತದೆ. ತಾವು ಸುಮ್ಮನಿರುವುದು ಆರಾಮವಾಗಿರುವುದರಿಂದಲೋ, ಎಡಗಡೆಯವರ ದಾರಿ ಹಿಡಿದಿರುವುದರಿಂದಲೋ ಎಂಬುದನ್ನು ಹೊರಗಿನಿಂದ ತಿಳಿಯುವ ಬಗೆಯೇ ಇಲ್ಲ. ಎರಡೂ ಒಂದೇ ಥರ ಸುಖವಾಗಿವೆ. ನೆಮ್ಮದಿಯನ್ನು ಕಂಡು ಇಷ್ಟು ಹೆದರಿದ್ದು ನಾನು ನನ್ನ ಜೀವಮಾನದಲ್ಲೇ ಇಲ್ಲ. ಅದೂ ಸಾಲದೆಂದು ಪಕ್ಕದ ಅಂಗಡಿಯವರು ದಿನವೂ, ಹಲ್ಲು ಹೇಗಿದೆ, ನೋವಿಲ್ಲ ತಾನೆ, ಎಂದು ಕೇಳಿ, ಇಲ್ಲವೆಂದರೆ ಸಂತೋಷಪಟ್ಟು ಹೋಗುತ್ತಾರೆ. ಅವರ ಮುಂದೆ ಅಳುಮೋರೆ ಹಾಕಿಕೊಂಡು, ಇಲ್ಲ ನೋಡಿ, ಇವತ್ತೂ ನೋಯಲಿಲ್ಲ, ಎಂದು ಹೇಳಿ ಹೇಳಿ ನನ್ನ ತಲೆ ಕೆಟ್ಟಿದೆಯೆಂಬ ಸುದ್ದಿ ಬೀದಿಯ ಕೊನೆಯವರೆಗೆ ತಲುಪಿದೆ.

ಡಾಕ್ಟರಮ್ಮ ಬೇಡವೆಂದಿದ್ದರೂ ನಾನೇ ಪರೀಕ್ಷೆ ಮಾಡಿ ನೋಡಿದೆ. ಮಂಜುಗಡ್ಡೆಯೊಂದನ್ನು ಬಾಯಿಗೆ ಹಾಕಿಕೊಂಡು ಬಲಗಡೆಗೆ ತಳ್ಳಿ ಕಣ್ಣು ಮುಚ್ಚಿ ಕುಳಿತೆ. ಮೊದಲು ಕೆನ್ನೆ ಮರಗಟ್ಟಿತು, ಆಮೇಲೆ ನಾಲಗೆ, ಆಮೇಲೆ ತುಟಿ. ಇಡೀ ಬಾಯೇ ಸತ್ತಂತಾದ ಮೇಲೆ ಅದರೊಳಗೆ ಸತ್ತವರು ಯಾರು, ಇದ್ದವರು ಯಾರು ಎಂದು ಹೇಗೆ ಲೆಕ್ಕ ಹಿಡಿಯುವುದು? ಅದೇ ಹೊತ್ತಿಗೆ ಬಂದ ಗಿರಾಕಿಯೊಬ್ಬರು ತಮ್ಮ ಪುಸ್ತಕ ಸಿದ್ಧವೇ ಎಂದು ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರದಿಂದ ಅವರು ಕೈಮುಗಿದು, ಆತುರವಿಲ್ಲ, ನಿಧಾನವಾಗಿ ಕೊಡಿ ಎಂದು ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೋದರು.

ಇತ್ತ ಶಾಲೆಯ ಲೈಬ್ರರಿಯೊಂದರಿಂದ ಅರವತ್ತು ಹಳೆಯ ಸಂಪುಟಗಳು ಹೊಸ ಹೊಲಿಗೆಗೆ ಬಂದು ಕುಳಿತವು. ಹಲ್ಲಿನ ಬದಲು ಕಬ್ಬಿಣದ ಚಿಮಟ ಕಟ್ಟಿ ನೋಡಿದೆ, ದಾರ ತುಂಡಾಯಿತು. ಮರದ ಹಿಡಿಕೆ ಕಟ್ಟಿ ನೋಡಿದೆ, ಗಂಟು ಸಡಿಲವಾಯಿತು. ಒಂದು ಮಧ್ಯಾಹ್ನ ನಾನು ಕಾಗದ ತರಲು ಹೋದಾಗ ಅಣ್ಣ, ತಂಗಿಯ ಕಷ್ಟ ನೋಡಲಾರದೆ, ನನ್ನ ಮೇಜಿಗೆ ಬಂದು, ಹತ್ತೊಂಬತ್ತು ವರ್ಷಗಳ ಮೇಲೆ ದಾರವನ್ನು ಬಾಯಿಗೆ ತೆಗೆದುಕೊಂಡನಂತೆ. ಜಗ್ಗಿದಾಗ ದಾರದ ಜೊತೆ ಕೆಳಗಿನ ಸೆಟ್ಟೂ ಹಾರಿ ಗೋಂದಿನ ಗಡಿಗೆಯಲ್ಲಿ ಮುಳುಗಿತು. ನಾನು ಬರುವಷ್ಟರಲ್ಲಿ ಅವನು ತೋಳು ಮಡಚಿ ಗಡಿಗೆಯೊಳಗೆ ಹುಡುಕುತ್ತಿದ್ದ. ನಾನು ನಗಬಾರದೆಂದು ಹಲ್ಲು ಕಚ್ಚಿಕೊಂಡೆ. ಮರುಕ್ಷಣವೇ ತಮ್ಮ ನೆನಪಾಗಿ ಹೆದರಿ ಬಾಯಿ ತೆರೆದೆ. ತೆರೆದ ಬಾಯಿಂದ ನಗು ಹೊರಗೆ ಬಂದು, ಇಬ್ಬರೂ ನೆಲದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸೆಟ್ಟಿಗೆ ಅಂಟಿದ ಗೋಂದನ್ನು ಬಿಡಿಸುವುದಕ್ಕೆ ಎರಡು ದಿನ ಹಿಡಿಯಿತು. ಆ ಎರಡು ದಿನ ಅವನು ಗಂಜಿ ಕುಡಿದುಕೊಂಡು, ಬೊಚ್ಚುಬಾಯಲ್ಲೇ, ನನ್ನ ಎದುರಿಗೆ ಕುಳಿತು ದಾರದ ತುದಿಯನ್ನು ಬೆರಳಿಗೆ ಸುತ್ತಿ ಹಿಡಿದುಕೊಂಡ. ಈಗಲೂ ಹಾಗೇ ನಡೆದಿದೆ. ಅವನಿಗೆ ಸೀನು ಬಂದಾಗಲೆಲ್ಲ ಒಂದು ಹೊಲಿಗೆ ಬಿಚ್ಚಿ ಹಾಕಬೇಕು, ಅರವತ್ತರಲ್ಲಿ ಮೂವತ್ತೊಂದು ಮುಗಿದಿವೆ.

ಆದ್ದರಿಂದ ಮಾನ್ಯರೇ, ನನ್ನ ಭಯ ದಾರದ್ದಲ್ಲ. ದಾರಕ್ಕೆ ಅಣ್ಣನ ಬೆರಳಿದೆ. ತಾವು ಹೋದರೆ ನನ್ನ ತಪ್ಪಿಗೆ ಬಲಿಯಾದವರು ಇಬ್ಬರಾಗುತ್ತೀರಿ. ಒಬ್ಬರನ್ನು ಆಲಸ್ಯದಿಂದ ಕೊಂದೆ, ಇನ್ನೊಬ್ಬರನ್ನು ದುಡಿಸಿ ಕೊಂದೆ ಎಂದಾಗುತ್ತದೆ. ಎರಡು ಕಡೆಯೂ ಖಾಲಿಯಾದ ಮೇಲೆ ಅಗಿಯುವುದಕ್ಕೇ ಆಗದೆ, ಒಂದೊಂದಾಗಿ ಎಲ್ಲವನ್ನೂ ಕೀಳಿಸಿಕೊಂಡು, ಅಣ್ಣನ ಲೋಟದ ಪಕ್ಕ ನನ್ನದೊಂದು ಲೋಟವನ್ನಿಟ್ಟು ಮಲಗುವ ದಿನ ಕಣ್ಣಿಗೆ ಕಟ್ಟುತ್ತದೆ. ನನಗೆ ಆ ಲೋಟ ಬೇಡ.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ನನ್ನ ವಿನಂತಿ ಏನೆಂದರೆ, ವಾರಕ್ಕೊಮ್ಮೆ, ಮಂಗಳವಾರವಾದರೆ ಉತ್ತಮ, ಬೆಳಗ್ಗೆ ಹತ್ತರಿಂದ ಹತ್ತೂಕಾಲರೊಳಗೆ, ಗಿರಾಕಿಗಳು ಕಡಿಮೆ ಇರುವಾಗ, ಮೂರು ಸೆಕೆಂಡು ಮೀರದ ಒಂದು ಸಣ್ಣ ನೋವನ್ನು ಕಳಿಸಿಕೊಡತಕ್ಕದ್ದು. ನೋವು ತಮ್ಮದೇ ಎಂಬುದಕ್ಕೆ ಗುರುತಿರಬೇಕು. ಒಸಡಿನದನ್ನೋ ಕಿವಿಯದನ್ನೋ ತಮ್ಮ ಹೆಸರಲ್ಲಿ ಕಳಿಸಿದರೆ ಸ್ವೀಕರಿಸಲಾಗುವುದಿಲ್ಲ. ಒಂದು ವೇಳೆ ತಾವು ತೀರಿಕೊಳ್ಳಲು ನಿರ್ಧರಿಸಿದ್ದೇ ಆದರೆ ಹದಿನೈದು ದಿನ ಮುಂಚಿತವಾಗಿ ಲಿಖಿತ ಸೂಚನೆ ಕೊಡಬೇಕಾಗಿಯೂ, ಕಾರಣ ತಿಳಿಸಬೇಕಾಗಿಯೂ, ಸಾಧ್ಯವಾದರೆ ನಿರ್ಧಾರವನ್ನು ನನ್ನ ಕಾಲಾನಂತರಕ್ಕೆ ಮುಂದೂಡಬೇಕಾಗಿಯೂ ಕೋರುತ್ತೇನೆ. ಮತ್ತು, ಇದು ಸ್ವಲ್ಪ ಜಾಸ್ತಿಯೆಂದು ನನಗೇ ಗೊತ್ತು, ಎಡಗಡೆಯವರು ಎಲ್ಲೇ ಇರಲಿ, ಈ ಬಾಯಿಯ ಒಡತಿಗೆ ಬುದ್ಧಿ ಬಂದಿದೆ ಎಂದು ಅವರಿಗೆ ಒಂದು ಮಾತು

ಇಷ್ಟು ಬರೆಯುವಷ್ಟರಲ್ಲಿ ಒಳಗಿನಿಂದ ಕರೆ ಬಂತು. ವಾಕ್ಯ ಅರ್ಧಕ್ಕೆ ನಿಂತದ್ದಕ್ಕೆ ಕ್ಷಮೆಯಿರಲಿ. ಈಗ ಒಂದೂವರೆ ಗಂಟೆಯ ಮೇಲೆ ಅದೇ ಬೆಂಚಿನ ಮೇಲೆ, ಅರ್ಧ ಮುಖ ಜೋಮು ಹಿಡಿದು, ಜೊಲ್ಲು ಸೋರುತ್ತಿದೆಯೋ ಇಲ್ಲವೋ ತಿಳಿಯದೆ ಮುಂದುವರಿಸುತ್ತಿದ್ದೇನೆ. ಅಕ್ಷರ ಕುಣಿಯುತ್ತಿದ್ದರೆ ಅದು ನಾನು ಕುಣಿಯುತ್ತಿರುವುದರಿಂದ.

ಡಾಕ್ಟರಮ್ಮ ಮೊದಲು ತಣ್ಣನೆಯ ಹತ್ತಿಯನ್ನು ತಮ್ಮ ಪಕ್ಕದ ಮನೆಗೆ ಮುಟ್ಟಿಸಿದರು. ಅವರು ಸಭ್ಯರು, ತಕ್ಷಣ ಉತ್ತರ ಕೊಟ್ಟರು. ಆಮೇಲೆ ತಮ್ಮ ಬಾಗಿಲಿಗೆ ಒತ್ತಿದರು. ಏನೂ ಇಲ್ಲ. ನಾನು ಒಂದು ಎಣಿಸಿದೆ. ಏನೂ ಇಲ್ಲ. ಕುರ್ಚಿಯ ಕೈ ಹಿಡಿದುಕೊಂಡು ಎರಡು ಎಣಿಸಿದೆ, ಏನೂ ಇಲ್ಲ, ಮುಗಿಯಿತು ಎಂದುಕೊಂಡೆ. ಡಾಕ್ಟರಮ್ಮನ ಹುಬ್ಬು ಗಂಟಾಗುವುದು ಕಂಡಿತು. ಆಗ ಬಂತು, ಮಾನ್ಯರೇ! ಚುರುಕ್ ಎಂದು, ಸೂಜಿ ತಾಕಿದ ಹಾಗೆ, ನೇರವಾಗಿ, ತಮ್ಮದೇ ಮನೆಯಿಂದ, ತಮ್ಮದೇ ಸ್ವಂತ ನೋವು ಬಂತು! ನಾನು ಕಿರುಚಿದ ರಭಸಕ್ಕೆ ಸಹಾಯಕಿಯ ಕೈಯ ತಟ್ಟೆ ನೆಲಕ್ಕೆ ಬಿತ್ತು. ಮೂರು ಎಣಿಸುವುದರೊಳಗೆ ನೋವು ಬಂದ ದಾರಿಯಲ್ಲೇ ಹೊರಟುಹೋಯಿತು. ಎಕ್ಸರೇಯಲ್ಲೂ ಬೇರಿನ ತುದಿಗಳು ಸ್ವಚ್ಛವಾಗಿವೆಯಂತೆ, ತಾವು ಕಿಂಡಿಗೆ ಒಳಗಿನಿಂದ ಹೊಸ ಗೋಡೆ ಕಟ್ಟಿಕೊಳ್ಳುತ್ತಿದ್ದೀರಂತೆ. ಹನ್ನೆರಡು ವಾರ ತಾವು ಸುಮ್ಮನಿದ್ದದ್ದು ಕೈತುಂಬ ಕೆಲಸವಿದ್ದದ್ದರಿಂದ ಎಂದು ನನಗೆ ಹೇಗೆ ಗೊತ್ತಾಗಬೇಕು?

ಕಿರುಚಾಟಕ್ಕೆ, ನನ್ನ ಜೊತೆ ಬಂದು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅಣ್ಣ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ನಾನು ಅಳುತ್ತ ನಗುತ್ತ, ನೋವಾಯ್ತು ಅಣ್ಣ, ನೋವಾಯ್ತು, ಎಂದು ಅವನ ಕೈ ಹಿಡಿದು ಕುಲುಕಿದೆ. ಅವನು ಡಾಕ್ಟರಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಇನ್ನೊಂದು ಹತ್ತಿಯ ತುಣುಕನ್ನು ತಣ್ಣಗೆ ಮಾಡಿಕೊಡಿರೆಂದು ಕೇಳಿ ಇಸಿದುಕೊಂಡು, ತನ್ನ ಸೆಟ್ಟಿನ ದವಡೆಹಲ್ಲಿಗೆ ಒತ್ತಿಕೊಂಡು ಕಾಯುತ್ತ ನಿಂತ. ಡಾಕ್ಟರಮ್ಮ ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ ಹತ್ತಿಯನ್ನು ಬುಟ್ಟಿಗೆ ಹಾಕಿ ಹೊರಗೆ ಹೋದ.

ಇನ್ನು ಹದಿನೈದು ದಿನ ಬಿಟ್ಟು ಬಂದರೂ ಆಗುತ್ತದೆ, ಆಗ ಶಾಶ್ವತವಾಗಿ ತುಂಬೋಣ ಎಂದು ಡಾಕ್ಟರಮ್ಮ ಹೇಳಿದಾಗ ನಾನು ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡು, ಇವತ್ತೇ, ಈಗಲೇ, ಇಲ್ಲವಾದರೆ ಏಳುವುದಿಲ್ಲ ಎಂದು ಹಟ ಮಾಡಿದೆ. ಇಂಜೆಕ್ಷನ್ ಕೊಟ್ಟು, ತಾತ್ಕಾಲಿಕ ಸಿಮೆಂಟನ್ನು ತೆಗೆದು, ಮದ್ದಿನ ಗಾರೆಯನ್ನು ಹಾಗೇ ಬಿಟ್ಟು, ಅದರ ಮೇಲೆ ಪದರ ಪದರವಾಗಿ ಕಟ್ಟಿ, ನೀಲಿ ಬೆಳಕಿನಲ್ಲಿ ಗಟ್ಟಿ ಮಾಡಿ, ಸವೆದ ಮೂಲೆಗಳ ಮೇಲೂ ಹೊದಿಸಿ ಕೊಟ್ಟಿದ್ದಾರೆ. ಈಗ ತಮ್ಮ ಮೇಲೆ ರಟ್ಟು ಕೂತಿದೆ, ಮಾನ್ಯರೇ, ಪಕ್ಕಾ ರಟ್ಟು. ಹೀಗಾಗಿ ಮೇಲ್ಕಂಡ ದೂರನ್ನು ಸಂಪೂರ್ಣವಾಗಿ ಹಿಂತೆಗೆದುಕೊಂಡಿದ್ದೇನೆ. ಮಂಗಳವಾರದ ನೋವನ್ನೂ ರದ್ದು ಮಾಡಬಹುದು, ವರ್ಷಕ್ಕೊಮ್ಮೆ ಡಾಕ್ಟರಮ್ಮ ಬಾಗಿಲು ತಟ್ಟಿದಾಗ ಓಗೊಟ್ಟರೆ ಸಾಕು.

ಹೊರಗೆ ಬಂದು ಅಣ್ಣನ ಪಕ್ಕ ಕುಳಿತಾಗ ಅವನು ಬೀದಿಯ ಕಡೆ ನೋಡುತ್ತ, ಮೆಲ್ಲಗೆ, 'ಹ್ಯಾಗಿತ್ತು ಅದು?' ಎಂದು ಕೇಳಿದ. ನನ್ನ ತುಟಿ ಜೋಮಿನಲ್ಲಿತ್ತು, ಮಾತು ಬರಲಿಲ್ಲ. ಅವನಿಗೆ ಓದಲು ಕೊಡುವುದಕ್ಕಾಗಿ ಇಲ್ಲೇ ಬರೆದೆ: ತಣ್ಣನೆಯದು ಒಂದು ಬಂದು ಒಳಗೆ ಚುಚ್ಚಿತು, ಮೂರು ಎಣಿಸುವುದರೊಳಗೆ ಹೋಯಿತು, ಹೋದ ಮೇಲೆ ಏನೂ ಉಳಿಯಲಿಲ್ಲ. ಅಣ್ಣ ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿದ. ಕಾಗದವನ್ನು ನನ್ನ ತೊಡೆಯ ಮೇಲೆ ವಾಪಸಿಟ್ಟು, 'ಇಷ್ಟೇನಾ? ಇಷ್ಟಕ್ಕೇ ಹೆದರಿ ನಾನು ಎಲ್ಲಾ ಕೊಟ್ಬಿಟ್ಟೆನಾ?' ಎಂದ. ಅವನ ಕೈ ಹಿಡಿದುಕೊಂಡು ಕುಳಿತಿದ್ದೇನೆ, ಆದ್ದರಿಂದ ಕೊನೆಯ ಈ ಸಾಲುಗಳು ಒಂದೇ ಕೈಯಲ್ಲಿ ಬರೆದವು.

ಇಂತು, ಜೀವಂತವಾಗಿರುವ
ತಮ್ಮ ವಿಶ್ವಾಸಿ,
ಪುಸ್ತಕ ಹೊಲಿಯುವವಳು

ತಾ.ಕ.: ತಾವು ಓಗೊಟ್ಟ ಸಂಭ್ರಮದಲ್ಲಿ ನಾನು ಬಾಯಿ ಮುಚ್ಚಿದಾಗ ಡಾಕ್ಟರಮ್ಮನ ತೋರುಬೆರಳು ಇನ್ನೂ ಒಳಗೇ ಇತ್ತೆಂಬುದನ್ನು ಮೇಲೆ ಬರೆಯಲು ನಾಚಿಕೆಯಾಗಿ ಬಿಟ್ಟಿದ್ದೆ. ಕಚ್ಚಿದ್ದರಲ್ಲಿ ತಮ್ಮದೇ ದೊಡ್ಡ ಪಾಲಿರುವುದರಿಂದ ಕ್ಷಮಾಪಣೆಯ ಪತ್ರವನ್ನು ತಾವೇ ಬರೆಯತಕ್ಕದ್ದು. ಪರೀಕ್ಷೆಯ ಫಲಿತಾಂಶದ ಚೀಟಿಯಲ್ಲಿ ಅವರು ಕೊನೆಗೆ, ಎಡಗೈಯಲ್ಲಿ, ಹೀಗೆ ಸೇರಿಸಿದ್ದಾರೆ: ಹಲ್ಲಿಗೆ ಜೀವ ಇದೆ, ಬೆರಳಿಗೂ ಇದೆ, ಮುಂದಿನ ಸಲ ಕಚ್ಚಲಾರದ ಅಣ್ಣನವರನ್ನು ಮೊದಲು ಕಳಿಸಿ.